ಅಡ್ಡ ಬಂದ ಅಂಗೈ

ಕೀಂ—ಕೀಂ—ಕೀಂ, ಮತ್ತೆ ಶುರುವಾಯಿತು, ಶುರುವಾಗುವುದೇನು, ಬೆಳಗಿನಿಂದ ನಿಂತೇ ಇಲ್ಲ, ನನ್ನ ಕಿವಿಯೇ ನಡುನಡುವೆ ಸೋತು ಬಿಟ್ಟುಕೊಡುತ್ತದೆ, ಅಷ್ಟರಲ್ಲಿ ಬಸ್ ಸ್ಟ್ಯಾಂಡಿನ ಕಡೆಯಿಂದ ಯಾವನೋ ಕಂಡಕ್ಟರ್ ಮೊಳಕಾಲ್ಮೂರು ರಾಯದುರ್ಗ ರಾಯದುರ್ಗ ಎಂದು ಗಂಟಲು ಹರಿದುಕೊಳ್ಳುತ್ತಾನೆ, ರಾಯದುರ್ಗದ ಹೆಸರು ಬಿದ್ದ ತಕ್ಷಣ ಕಿವಿ ನೆಟ್ಟಗಾಗುತ್ತದೆ, ನೆಟ್ಟಗಾದರೆ ಮತ್ತೆ ಇದೇ ಕೀಂ. ನಮ್ಮ ಸ್ಟುಡಿಯೋದ ಮೇಜಿನ ಕೆಳಗೆ ಕೂತು ಅರಚುತ್ತಿರುವ ಈ ಕಪ್ಪು ಪೆಟ್ಟಿಗೆಯನ್ನು ತಂದವನು ನನ್ನ ಅಣ್ಣ ಅಫ್ಜಲ್, ಬೆಂಗಳೂರಿನಲ್ಲಿ ಯಾವುದೋ ಆಫೀಸಿನವರು ಬೇಡವೆಂದು ಎತ್ತಿ ಹಾಕಿದ್ದನ್ನು ಹೊಸ ಸೊಸೆಯನ್ನು ಕರೆತಂದ ಹಾಗೆ ಆಟೋದಲ್ಲಿ ತಂದು ಇಳಿಸಿ, ನೋಡು ಜಬೀನ್, ಇನ್ನು ಮೇಲೆ ಒಂದು ಮದುವೆಯ ವಿಡಿಯೋನೂ ಹಾಳಾಗಲ್ಲ, ಒಳಗೆ ನಾಲ್ಕು ಡಿಸ್ಕು ಇದಾವೆ, ಒಂದು ಸತ್ತರೆ ಉಳಿದ ಮೂರು ಸೇರಿ ಅದರ ಕೆಲಸ ಮಾಡ್ತಾವೆ, ಇದಕ್ಕೆ ರೇಡ್ ಅಂತಾರೆ ಎಂದಿದ್ದ. ಒಂದು ಸತ್ತರೆ ಸರಿ, ಎರಡು ಸತ್ತರೆ ಎಂದು ಕೇಳಿದ್ದೆ. ಎರಡು ಯಾಕೆ ಸಾಯ್ತಾವೆ, ನಿನ್ನ ಬಾಯಲ್ಲಿ ಒಂದಾದರೂ ಒಳ್ಳೆ ಮಾತು ಬರುತ್ತಾ ಎಂದು ಮುಖ ತಿರುಗಿಸಿದ್ದ. ಈಗ ಒಂದು ಸತ್ತಿದೆ. ಯಾವುದು ಎಂದು ತೋರಿಸಬೇಕಾದ ಮುಂಭಾಗದ ದೀಪಗಳು ಚಳ್ಳಕೆರೆಗೆ ಬರುವ ಮೊದಲೇ ಸತ್ತಿದ್ದವು, ನಾಲ್ಕು ಖಾನೆ, ನಾಲ್ಕೂ ಕಪ್ಪು, ನಾಲ್ಕರ ಮೇಲೂ ಗಿರಣಿಗಳಿಂದ ಹಾರಿಬಂದ ಶೇಂಗಾ ಹೊಟ್ಟಿನ ದೂಳು. ತಪ್ಪಿ ಒಳ್ಳೆಯದನ್ನು ಎಳೆದರೆ ಸತ್ತದ್ದೊಂದು, ಎಳೆದದ್ದೊಂದು, ಅಲ್ಲಿಗೆ ಎಲ್ಲ ಮಣ್ಣುಪಾಲು. ಬದಲಿಗೆ ಹಾಕುವ ಹೊಸ ಡಿಸ್ಕು ಮೇಜಿನ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಕೂತು ನನ್ನ ಮುಖ ನೋಡುತ್ತಿದೆ.

ಯಾವುದು ಸತ್ತಿದೆ ಎಂದು ಹೇಳುವುದು ಪೆಟ್ಟಿಗೆಯ ಜೊತೆ ಬಂದ ಈ ಸಿ.ಡಿ.ಯಲ್ಲಿದೆ. ಪೆಟ್ಟಿಗೆಯೊಳಗೆ ಕಂಟ್ರೋಲರ್ ಎಂಬ ಒಂದು ಕಾರ್ಡು, ಅದರ ಬಾಯಿ ಬಿಡಿಸಲು ಒಂದು ಸಾಫ್ಟ್‌ವೇರು, ಅದನ್ನು ಹಾಕಿದರೆ ಸ್ಕ್ರೀನಿನ ಮೇಲೆ ನಾಲ್ಕು ಡಿಸ್ಕಿನ ಚಿತ್ರ ಬರುತ್ತದಂತೆ, ಸತ್ತದ್ದು ಕೆಂಪಗೆ ಕಾಣುತ್ತದಂತೆ, ಈ ಅರಚಾಟ ನಿಲ್ಲಿಸುವ ಗುಂಡಿಯೂ ಅಲ್ಲೇ ಇದೆಯಂತೆ, ಎಲ್ಲ ಅಂತೆ. ಪೆಟ್ಟಿಗೆ ಬಂದ ದಿನವೇ ಹಾಕೋಣ ಎಂದೆ, ಓಡ್ತಾ ಇದೆಯಲ್ಲ, ಓಡೋ ಗಾಡಿಯ ಬಾನೆಟ್ ಯಾಕೆ ಎತ್ತುತ್ತೀಯಾ ಎಂದ ಅಣ್ಣ, ನಮ್ಮ ಅಬ್ಬಾ ಮಸ್ತಾನ್ ಸಾಬರ ಗ್ಯಾರೇಜಿನಲ್ಲಿ ಕಲಿತ ಒಂದೇ ಒಂದು ಮಾತು ಅವನಿಗೆ ಅದು. ಈಗ ಬಾನೆಟ್ ಎತ್ತುತ್ತಿರುವವಳು ನಾನು, ಅವನು ಮೊಳಕಾಲ್ಮೂರಿನಲ್ಲಿ ಯಾರದೋ ಶಾದಿಗೆ ಕ್ಯಾಮೆರಾ ಹೊತ್ತು ಹೋಗಿ ಬಿರಿಯಾನಿ ತಿನ್ನುತ್ತಿದ್ದಾನೆ. ನೀಲಿ ಪಟ್ಟಿ ಓಡುತ್ತದೆ, ಓಡುತ್ತದೆ, ಇನ್ನೇನು ಮುಗಿಯಿತು ಎನ್ನುವಾಗ ನಿಲ್ಲುತ್ತದೆ, ಸರ್ವೀಸ್ ಶುರುವಾಗಲಿಲ್ಲ ಎನ್ನುತ್ತದೆ, ಆಮೇಲೆ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ ತಾನು ಹಾಕಿದ್ದನ್ನೆಲ್ಲ ತಾನೇ ಅಳಿಸಿಕೊಂಡು ಏನೂ ಆಗದವರಂತೆ ಕೂರುತ್ತದೆ. ಹೀಗೆ ಹಿಂದೆ ಸರಿಯುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆಂಟಿವೈರಸ್ ಕಿತ್ತು ನೋಡಿದೆ, ಸಿ.ಡಿ.ಯನ್ನು ಕಂಪ್ಯೂಟರಿಗೇ ಕಾಪಿ ಮಾಡಿ ಅಲ್ಲಿಂದ ಹಾಕಿದೆ, ಅದು ಅಳಿಸದೆ ಬಿಟ್ಟ ಚೂರುಪಾರನ್ನೂ ಹುಡುಕಿ ಅಳಿಸಿ ಹಾಕಿದೆ, ಅದೇ ಮಾತು. ಬೆಂಚಿನ ಮೇಲಿಂದ ಕೆಂಚಕ್ಕ, ಏನವ್ವ ಅದು, ಕೋಳಿಮರಿ ಕೂಗ್ದಂಗೆ ಕೂಗ್ತೈತೆ, ಅದ್ರ ಬಾಯಿ ಮುಚ್ಸಕ್ಕಾಗಲ್ವಾ ಎನ್ನುತ್ತಾಳೆ. ಆಗಿದ್ದರೆ ಮುಚ್ಚಿಸುತ್ತಿರಲಿಲ್ಲವೇ. ಮೊದಲು ನಿನ್ನ ಬಾಯಿ ಮುಚ್ಚಿಸುತ್ತಿದ್ದೆ.

ಹಾಗೆ ಅನ್ನಬಾರದು, ಗಂಡ ಸತ್ತವಳು, ಆದರೂ ಅನ್ನಿಸುತ್ತದೆ. ದೇವಸಮುದ್ರದಿಂದ ಮೊದಲ ಬಸ್ಸಿಗೇ ಬಂದು ಕೂತಿದ್ದಾಳೆ, ಹೋಗಿ ಆಮೇಲೆ ಬಾ ಎಂದರೆ ಸೆರಗು ಬಿಗಿ ಮಾಡಿಕೊಂಡು ಇನ್ನೂ ಗಟ್ಟಿಯಾಗಿ ಕೂರುತ್ತಾಳೆ, ಟೀ ತರಿಸಿದರೆ ನಂಗ್ಯಾಕೆ ಟೀ, ನಂಗೆ ಫೋಟ ಬೇಕು ಎನ್ನುತ್ತಾಳೆ. ಅವಳ ಗಂಡ ಜಯಣ್ಣ ಇಲ್ಲೇ ಒಂದು ಎಣ್ಣೆ ಗಿರಣಿಯಲ್ಲಿ ಹಮಾಲಿ, ಮಗಳು ದಿವ್ಯಾಳ ಮದುವೆ ಮಾಡಿ, ಮಳೆಗಾಲ ಮುಗಿಯುವುದರೊಳಗೆ ಗೋಡೌನಿನಲ್ಲಿ ಚೀಲದ ಅಟ್ಟಿ ಮೇಲೆ ಕುಸಿದು ಹೋಗಿಬಿಟ್ಟ. ಗೋಡೆಗೆ ಹಾಕಿ ಹೂವಿನ ಹಾರ ಹಾಕಲು ಒಂದು ಫೋಟೋ ಇಲ್ಲ. ಫೋಟೋ ತೆಗೆಸಿದರೆ ಆಯುಸ್ಸು ಕಡಿಮೆಯಾಗುತ್ತದೆ ಎಂದು ನಂಬಿದ್ದವನು, ರೇಷನ್ ಕಾರ್ಡಿನ ಫೋಟೋದಲ್ಲಿ ಕೂಡ ಬೇಕೆಂದೇ ತಲೆ ತಗ್ಗಿಸಿ ಬರೀ ಟವಲು ತೋರಿಸಿದ್ದಾನೆ. ಅಷ್ಟು ಜೋಪಾನ ಮಾಡಿದ ಆಯುಸ್ಸು ಏನಾಯಿತು, ಎಲ್ಲಿ ಹೋಯಿತು, ಯಾರಿಗೆ ಕೇಳುವುದು. ಮಗಳ ಮದುವೆಯಲ್ಲೂ ಅದೇ, ಇಡೀ ವಿಡಿಯೋದಲ್ಲಿ ಅವನದು ಒಂದು ಕಡೆ ಮೊಣಕೈ, ಒಂದು ಕಡೆ ಬೆನ್ನು, ಧಾರೆಯ ಹೊತ್ತಿನಲ್ಲಿ ಕೂಡ ಕಂಬದ ಮರೆ. ಒಂದೇ ಒಂದು ಕಡೆ ಸಿಕ್ಕಿಬಿದ್ದ. ನಮ್ಮ ಕ್ಯಾಮೆರಾಮನ್ ಪಾಲಾಕ್ಷ ಅದೇ ಊರಿನವನು, ಸಲಿಗೆಯಿಂದ ಊಟದ ಪಂಕ್ತಿಯಲ್ಲಿ ಅವನ ಮೇಲೆ ಲೈಟು ಬಿಟ್ಟಿದ್ದಾನೆ, ಲೇ ಪಾಲಾಕ್ಷ, ನನ್ನ ಮಕದ ಮ್ಯಾಲೆ ಲೈಟ್ ಬುಟ್ಯೋ ಕ್ಯಾಮ್ರ ಒಡ್ದಾಕ್ತೀನಿ ನೋಡು ಎಂದು ಕೈ ಎತ್ತಿಕೊಂಡು ಬಂದಿದ್ದಾನೆ, ಅಂಗೈ ದೊಡ್ಡದಾಗುತ್ತಾ ದೊಡ್ಡದಾಗುತ್ತಾ ಬಂದು ಲೆನ್ಸಿಗೆ ಅಡ್ಡ, ಚೀಲದ ಕೊಕ್ಕೆ ಹಿಡಿದು ಹಿಡಿದು ಜಡ್ಡುಗಟ್ಟಿದ ಅಂಗೈ, ಗೆರೆಗೆರೆಯಲ್ಲೂ ಹಿಂಡಿಯ ಕಪ್ಪು, ಹೆಬ್ಬೆರಳಿನ ಬುಡದಲ್ಲಿ ಬಿಳಿಯ ಗಾಯದ ಕಲೆ. ಆಮೇಲೆ ಅಂಗೈ ಇಳಿಯುತ್ತದೆ. ಹಿಂದೆ ಮುಖ. ನಗುತ್ತಿದ್ದಾನೆ, ಬೈದು ಮುಗಿಸಿ ತಾನೇ ನಗುತ್ತಿದ್ದಾನೆ, ಒಂದು ಕ್ಷಣ, ಆಮೇಲೆ ಬೆನ್ನು. ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಇಳಿಸುವಾಗ ನಾನು ನೋಡಿದ್ದೆ, ಮದುವೆಯ ಸಿ.ಡಿ.ಗೆ ಇದು ಬೇಡವೆಂದು ಕತ್ತರಿಸಿ ವೇಸ್ಟ್ ಫೋಲ್ಡರಿಗೆ ಹಾಕಿದ್ದೆ, ವಿಡಿಯೋ ಕತ್ತರಿಸಿ ಜೋಡಿಸುವ ಯಾವ ಮಿಕ್ಸಿಂಗಿನವರೂ ಹಾಗೇ ಮಾಡುತ್ತಾರೆ. ಕ್ಯಾಸೆಟ್ಟಿನ ಮೇಲೆ ಈಗ ಬೇರೆ ಯಾರದೋ ನಾಮಕರಣ ಇದೆ, ಒಂದೇ ಕ್ಯಾಸೆಟ್ಟಿನ ಮೇಲೆ ಮೂರು ನಾಲ್ಕು ಮನೆಯ ಶುಭಕಾರ್ಯ ಉಜ್ಜುವುದು ಇಲ್ಲಿನ ಎಲ್ಲ ಸ್ಟುಡಿಯೋದವರ ಪದ್ಧತಿ. ಹಾಗಾಗಿ ಜಯಣ್ಣನ ಮುಖ ಈ ಭೂಮಿಯ ಮೇಲೆ ಇರುವುದು ಒಂದೇ ಕಡೆ, ಈ ಅರಚುವ ಪೆಟ್ಟಿಗೆಯ ಒಳಗೆ.

ಬೆಳಿಗ್ಗೆ ಮಿಕ್ಸಿಂಗ್ ಪ್ರೋಗ್ರಾಮಿನಲ್ಲಿ ಅದನ್ನು ಹುಡುಕಿ ತೆರೆದೆ, ಅಂಗೈ ಬಂದು ಅಡ್ಡವಾದಲ್ಲಿ ನಿಲ್ಲಿಸಿದೆ, ಮುಖ ಬರುವಾಗ ಅವಳೇ ನೋಡಲಿ ಎಂದು ಕರೆಯಲು ಎದ್ದೆ, ಯಾಕೆ ಎದ್ದೆನೋ, ಇನ್ನೊಂದು ಗಳಿಗೆ ಓಡಿಸಿದ್ದರೆ ಮುಖವೇ ಬರುತ್ತಿತ್ತು, ಆಗಲೇ ಕೀಂ. ವಾಪಸ್ ಬಂದು ಒತ್ತಿದರೆ ಚಿತ್ರ ಕದಲಲಿಲ್ಲ, ಒಳಗೆ ಕಟಕಟ ಕಟಕಟ. ಅಣ್ಣನಿಗೆ ಈ ಹಳೇ ಪೆಟ್ಟಿಗೆ ಮಾರಿದ ಬೆಂಗಳೂರಿನ ಅಂಗಡಿಯವನಿಗೆ ಫೋನ್ ಮಾಡಿದರೆ, ಅಯ್ಯೋ ಈಗ ಏನೂ ಓದಿಸಬೇಡಿ, ಬರೆಸಲೂಬೇಡಿ, ಇನ್ನೊಂದು ಡಿಸ್ಕೂ ಹೋದೀತು, ಮೊದಲು ಸತ್ತಿದ್ದನ್ನ ಬದಲಾಯಿಸಿ ಎಂದ, ಅಲ್ಲಿಯವರೆಗೆ ಸರಿ, ಆಮೇಲೆ ಸಾಫ್ಟ್‌ವೇರ್ ಕೂರುತ್ತಿಲ್ಲ ಎಂದರೆ, ರೀಸ್ಟಾರ್ಟ್ ಮಾಡಿ ಮೇಡಂ. ರೀಸ್ಟಾರ್ಟ್ ಮಾಡಿ ಪೆಟ್ಟಿಗೆ ಮತ್ತೆ ಏಳದಿದ್ದರೆ ಎಂದೆ. ಹಾಗಾದ್ರೆ ಮಾಡಬೇಡಿ ಮೇಡಂ. ಮತ್ತೆ ಏನು ಮಾಡಲಿ. ಮನೇಲಿ ಗಂಡಸರು ಯಾರಾದ್ರೂ ಇದ್ರೆ ಫೋನ್ ಕೊಡಿ ಮೇಡಂ. ಇದ್ದಾರೆ, ಬಿರಿಯಾನಿ ತಿನ್ನುತ್ತಿದ್ದಾರೆ ಎಂದು ಇಟ್ಟುಬಿಟ್ಟೆ. ಗಂಡಸರಿಗೆ ಮಾಡಿದೆ. ಹಿಂದೆ ಡೋಲಿನ ಸದ್ದು, ಅಣ್ಣ ಕಿರುಚುತ್ತಿದ್ದ, ಅರೇ ಜಬೀನ್, ಅಷ್ಟಕ್ಕೆಲ್ಲ ಸಾಫ್ಟ್‌ವೇರ್ ಯಾಕೆ, ಮೇಲೆ ಕೈ ಇಟ್ಟು ನೋಡು, ಯಾವುದು ತಣ್ಣಗಿದೆಯೋ ಅದೇ ಸತ್ತಿರೋದು, ಎಳೆದು ಹಾಕು. ಮಯ್ಯತ್ತಿನ ಮನೆಯಲ್ಲಿ ಹೆಣ ಮುಟ್ಟಿ ನೋಡಿದಂತೆ. ಕೈ ಇಟ್ಟೆ. ನಾಲ್ಕೂ ಒಲೆಯ ಮೇಲಿಂದ ಇಳಿಸಿದ ಹಾಗೆ ಸುಡುತ್ತಿದ್ದವು.

ಈಗ ಇದು ಐದನೆಯ ಸಲವೋ ಆರನೆಯದೋ, ನೀಲಿ ಪಟ್ಟಿ ಕೊನೆಗೆ ಬಂತು, ನಿಂತಿತು, ಅದೇ ಮಾತು, ಈ ಬಾರಿ ಹಾಳಾಗಿ ಹೋಗು ಎಂದು ಮುಚ್ಚುವ ಬದಲು ಪಕ್ಕದ ಡೀಟೇಲ್ಸ್ ಗುಂಡಿ ಒತ್ತಿದೆ, ಇಷ್ಟುದ್ದ ಇಂಗ್ಲಿಷು, ಅರ್ಧ ನನಗೆ ತಿಳಿಯದ್ದು, ಆದರೆ ಕೊನೆಯ ಸಾಲು ತಿಳಿಯಿತು, ಈ ಸಾಫ್ಟ್‌ವೇರಿನ ಸರ್ಟಿಫಿಕೇಟು ಇನ್ನೂ ಜಾರಿಗೆ ಬಂದಿಲ್ಲ, ಜಾರಿಗೆ ಬರುವುದು ಎರಡು ಸಾವಿರದ ಐದರಿಂದ. ಬಂದಿಲ್ಲ ಎಂದರೇನು, ಈಗ ಎರಡು ಸಾವಿರದ ಆರು, ಎಂದುಕೊಂಡು ಸ್ಕ್ರೀನಿನ ಮೂಲೆ ನೋಡಿದೆ. ಮೂಲೆಯಲ್ಲಿ ಎರಡು ಸಾವಿರದ ಮೂರು, ಮಾರ್ಚ್ ಒಂದು. ಥೂ. ದಿನಾ ಕಣ್ಣಿಗೆ ಬೀಳುವುದನ್ನು ಕಣ್ಣೇ ಬಿಟ್ಟುಬಿಟ್ಟಿತ್ತು. ಪಾಲಾಕ್ಷ ಬೆಳಿಗ್ಗೆ ಬಾಗಿಲು ತೆಗೆದು, ನೀರು ಚಿಮುಕಿಸಿ, ಊದುಬತ್ತಿ ಹಚ್ಚಿ ಕ್ಯಾಮೆರಾಕ್ಕೂ ಕಂಪ್ಯೂಟರಿಗೂ ಸುತ್ತು ಹಾಕಿಸಿ, ಆಮೇಲೆ ತಾರೀಖನ್ನು ಹಿಂದಕ್ಕೆ ತಿರುಗಿಸುತ್ತಾನೆ, ಅದೂ ಪೂಜೆಯ ಒಂದು ಭಾಗವೇ ಆಗಿದೆ. ಯಾಕೆಂದರೆ ಮಿಕ್ಸಿಂಗ್ ಪ್ರೋಗ್ರಾಮು ದುಡ್ಡು ಕೊಟ್ಟು ತಂದದ್ದಲ್ಲ, ಮೂವತ್ತು ದಿನದ ಟ್ರಯಲ್ಲು, ಆ ಮೂವತ್ತು ದಿನ ಮುಗಿಯದಂತೆ ಅಣ್ಣ ಮಾರ್ಚ್ ಒಂದನ್ನೇ ಹಿಡಿದು ಕಟ್ಟಿಹಾಕಿದ್ದಾನೆ, ಮೂರು ವರ್ಷದಿಂದ ಈ ಅಂಗಡಿಯಲ್ಲಿ ಮಾರ್ಚ್ ಒಂದು. ಊರಿನ ಅರ್ಧ ಜನ ಮದುವೆಯಾಗಿದ್ದು ಈ ಕಂಪ್ಯೂಟರಿನ ಲೆಕ್ಕದಲ್ಲಿ ಒಂದೇ ದಿನ. ಈ ಕಂಪ್ಯೂಟರಿನ ಲೆಕ್ಕದಲ್ಲಿ ದಿವ್ಯಾ ಇನ್ನೂ ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಾಳೆ, ಜಯಣ್ಣ ಬೆನ್ನ ಮೇಲೆ ಚೀಲ ಹೊತ್ತು ಗಿರಣಿಯ ಮೆಟ್ಟಿಲು ಹತ್ತುತ್ತಿದ್ದಾನೆ, ಮತ್ತೆ ನಾನು—ನಾನು ರಾಯದುರ್ಗದಲ್ಲಿದ್ದೇನೆ, ಆ ಮನುಷ್ಯನ ಮನೆಯಲ್ಲಿ, ರೊಟ್ಟಿ ಸುಡುತ್ತಿದ್ದೇನೆ, ಅವನ ಅಮ್ಮ ತೆಲುಗಿನಲ್ಲಿ ಪಕ್ಕದ ಮನೆಯವಳಿಗೆ ನನ್ನ ಬಗ್ಗೆ ಹೇಳುತ್ತಿದ್ದಾಳೆ, ನನಗೆ ತೆಲುಗು ಬರುವುದಿಲ್ಲ ಎಂದು ತಿಳಿದು ಹೇಳುತ್ತಿದ್ದಾಳೆ, ನನಗೆ ಅಷ್ಟೂ ತಿಳಿಯುತ್ತಿದೆ, ತಲಾಖ್ ಎಂದು ಮೂರು ಸಲ ಹೇಳಿಸಿಕೊಂಡು ಬಟ್ಟೆಯ ಪೆಟ್ಟಿಗೆ ಎತ್ತಿಕೊಂಡು ಇನ್ನೂ ಬಸ್ಸು ಹತ್ತಿಲ್ಲ. ಮೂರು ವರ್ಷದಿಂದ ದಿನಾ ಬೆಳಿಗ್ಗೆ ಇವರು ಊದುಬತ್ತಿ ಹಚ್ಚಿ ನನ್ನನ್ನು ಅಲ್ಲಿಗೆ ವಾಪಸ್ ಕಳಿಸುತ್ತಿದ್ದಾರೆ. ನನಗೆ ಮೈಯೆಲ್ಲ ಉರಿಯಿತು.

ಗಡಿಯಾರದ ಮೇಲೆ ಮೌಸ್ ಇಟ್ಟೆ. ಹಿಂದಿನಿಂದ ಪಾಲಾಕ್ಷ, ಅಕ್ಕ ಡೇಟ್ ಒಂದು ಮುಟ್ಟಬ್ಯಾಡ್ರಿ, ಮಿಕ್ಸಿಂಗು ಲಾಕಾಗ್ತೈತೆ, ಒಂದ್ಸಲ ಲಾಕಾದ್ರೆ ಮುಗೀತು, ಕಿತ್ತು ಹಾಕಿದ್ರೂ ಬರಲ್ಲ, ಹಿರಿಯೂರಿನ ಸ್ಟುಡಿಯೋದೋರ್ದು ಹಂಗೇ ಆತು. ಗೊತ್ತು. ಈ ಪ್ರೋಗ್ರಾಮು ಇಳಿಸಿದ ಚಿತ್ರವನ್ನು ಇದೇ ತೆರೆಯಬೇಕು, ಬೇರೆ ಯಾವುದಕ್ಕೂ ಬಾಯಿ ಬಿಡುವುದಿಲ್ಲ, ದುಡ್ಡು ಕೊಟ್ಟು ತರೋಣವೆಂದರೆ ಮಾಡಿದ ಕಂಪನಿಯೇ ಬಾಗಿಲು ಹಾಕಿಕೊಂಡು ಹೋಗಿದೆ, ಎಲ್ಲ ಗೊತ್ತು. ಆದರೆ ಅದು ತಾರೀಖು ನೋಡುವುದು ತೆರೆಯುವಾಗ, ಟಾಕೀಸಿನ ಬಾಗಿಲಲ್ಲಿ ಟಿಕೆಟ್ ಹರಿಯುವವನ ಹಾಗೆ, ಒಳಗೆ ಹೋಗಿ ಕೂತವರನ್ನು ಯಾರು ಕೇಳುತ್ತಾರೆ, ಈಗ ಅದು ತೆರೆದೇ ಇದೆ, ಕೆಳಗೆ ಮಡಚಿ ಇಟ್ಟಿದ್ದೇನೆ, ಅಂಗೈ ಹಿಡಿದುಕೊಂಡು ಕೂತಿದೆ. ಡೇಟ್ ಮುಂದೆ ಹಾಕುತ್ತೇನೆ, ಇದನ್ನು ಕೂರಿಸುತ್ತೇನೆ, ಡಿಸ್ಕು ಬದಲಾಯಿಸುತ್ತೇನೆ, ಡೇಟ್ ಹಿಂದೆ ಹಾಕುತ್ತೇನೆ, ಅದಕ್ಕೆ ಗೊತ್ತೂ ಆಗುವುದಿಲ್ಲ. ಕ್ಲೋಸಾದ್ರೂ ಮಾಡ್ರಕ್ಕ ಅದನ್ನ. ಮುಚ್ಚಲು ಹೋದರೆ ಸೇವ್ ಮಾಡಬೇಕಾ ಎನ್ನುತ್ತದೆ, ಬೇಡ ಎಂದರೂ ಪೆಟ್ಟಿಗೆಯ ಮೇಲೆ ಅದೂ ಇದೂ ಬರೆದೇ ಬರೆಯುತ್ತದೆ, ಬರೆಸಬೇಡಿ ಎಂದಿದ್ದಾನಲ್ಲ ಅವನು. ಅಣ್ಣಾರಿಗೆ ಒಂದ್ಮಾತು ಕೇಳ್ರಿ. ಅಣ್ಣಾರಂತೆ. ನೀನು ಟೀ ಕುಡಿದು ಬಾ ಹೋಗು ಪಾಲಾಕ್ಷ ಎಂದೆ, ಹೋದ, ಬಾಗಿಲಲ್ಲಿ ನಿಂತು ನಾ ಹೇಳೀನಿ ನೋಡ್ರಿ ಎಂದು ಕೈ ತೊಳೆದುಕೊಂಡು ಹೋದ. ನಾಲ್ಕು ಎಂದು ಹಾಕಿದೆ, ಐದು ಎಂದು ಹಾಕಿದೆ, ಆರು. ಓಕೆ ಒತ್ತುವಾಗ ನಿಜ ಹೇಳುತ್ತೇನೆ, ಕೆಂಚಕ್ಕನೂ ನೆನಪಿರಲಿಲ್ಲ, ಡಿಸ್ಕೂ ನೆನಪಿರಲಿಲ್ಲ, ರಾಯದುರ್ಗದ ಆ ಅಡುಗೆಮನೆಯ ಬಾಗಿಲನ್ನು ದಢಾರನೆ ಹಾಕಿದ ಖುಷಿ ಒಂದೇ ಇತ್ತು.

ನೀಲಿ ಪಟ್ಟಿ ಓಡಿತು, ಕೊನೆಗೆ ಬಂತು, ನಿಲ್ಲಲಿಲ್ಲ. ಮುಗಿಯಿತು ಎಂದಿತು. ಇಷ್ಟೇನಾ, ಇಷ್ಟಕ್ಕಾ ಬೆಳಗಿನಿಂದ. ನಾಲ್ಕು ಡಿಸ್ಕಿನ ಚಿತ್ರ ಬಂತು, ಮೂರು ಹಸಿರು, ಎಡದಿಂದ ಮೂರನೆಯದು ಕೆಂಪು, ಮೊದಲು ಗುಂಡಿ ಒತ್ತಿ ಆ ಕೀಂ ಅನ್ನು ಕೊಂದೆ. ಎಷ್ಟು ನಿಶ್ಶಬ್ದ, ಗಿರಣಿಯ ಸದ್ದು, ಸೈಕಲ್ಲಿನ ಬೆಲ್ಲು, ಎಲ್ಲ ಒಂದೇ ಸಲ ಅಂಗಡಿಯೊಳಗೆ ಬಂತು. ಕೆಂಚಕ್ಕ ಗಾಬರಿಯಾಗಿ ಎದ್ದು ನಿಂತಳು, ಸತ್ತೋಯ್ತೇನವ್ವ. ಇಲ್ಲ ಕಣಮ್ಮ, ಬದುಕ್ತು. ಮೂರನೆಯದನ್ನು ಎಳೆದೆ, ಹೊಸದನ್ನು ನೂಕಿದೆ, ಟಕ್ಕೆಂದು ಕೂತಿತು, ಸ್ಕ್ರೀನಿನ ಮೇಲೆ ಕೆಂಪು ಹೋಗಿ ಹಳದಿ ಬಂತು, ಉಳಿದ ಮೂರೂ ಸೇರಿ ಅದಕ್ಕೆ ತಮ್ಮಲ್ಲಿದ್ದುದನ್ನು ತುಂಬತೊಡಗಿದವು, ಒಂದು ಪರ್ಸೆಂಟು, ಎರಡು. ತುಂಬುವವರೆಗೆ ಕೂರಬೇಕು. ಕೂತೆವು, ಅವಳು ಬೆಂಚಿನ ಮೇಲೆ, ನಾನು ಕುರ್ಚಿಯ ಮೇಲೆ, ಬಿಸಿಲು ಬಾಗಿಲಿನಿಂದ ಹಿಂದೆ ಸರಿಯಿತು. ದಿವ್ಯಾಗೆ ಏಳು ತಿಂಗ್ಳು ಎಂದಳು, ಕನಸ್ನಾಗೆ ಅಪ್ಪ ಬರ್ತಾನೆ, ಮಕ ಕಾಣಲ್ಲ ಅಂತಾಳೆ, ನಂಗೂ ಈಗೀಗ ಹಂಗೇ, ಮೀಸೆ ನೆನಪಾದ್ರೆ ಕಣ್ಣು ನೆನಪಾಗಲ್ಲ, ಗಂಡ ಇಲ್ದೋರ ಸಂಕ್ಟ ನಿಂಗೊತ್ತಿಲ್ದಿರೋದಾ. ಕುಟುಕಿದಳೋ, ಜೊತೆಗೆ ಸೇರಿಸಿಕೊಂಡಳೋ, ನನಗೆ ಕಂಡದ್ದು ಕುಟುಕಿದಂತೆಯೇ. ನನ್ನ ಗಂಡನ ಮುಖ ನನಗೆ ಚೆನ್ನಾಗಿ ನೆನಪಿದೆ, ಮರೆಸುವವರಿದ್ದರೆ ಕರೆದುಕೊಂಡು ಬಾ ಎನ್ನಬೇಕೆನ್ನಿಸಿತು. ಅದರ ಬದಲು, ಬೈದು ನಗ್ತಿದ್ರಂತಲ್ಲ ನಿಮ್ಮ ಯಜಮಾನ್ರು ಎಂದೆ. ಹೂನವ್ವ, ಬಯ್ಯೋದು ಬಾಯಿಚಪಲ, ಬೈದು ಮುಗಿಸೋದ್ರೊಳಗೆ ನಗು, ಅದೊಂದು ನಗು ಇದ್ರೆ ಸಾಕು, ಅದ್ನೇ ದೊಡ್ಡದು ಮಾಡಿ ಕೊಡು ಎಂದಳು. ಕೊಡುತ್ತೇನೆ, ಯಾಕೆ ಕೊಡುವುದಿಲ್ಲ, ಇಷ್ಟು ಹೊತ್ತು ಕೂತದ್ದು ಮತ್ತೆ ಯಾಕೆ.

ಹಳದಿ ಹಸಿರಾಯಿತು. ನಾಲ್ಕೂ ಹಸಿರು, ಒಂದು ಚಿತ್ರವೂ ಹೋಗಿಲ್ಲ, ಊರಿನ ಮದುವೆಗಳೆಲ್ಲ ಒಳಗೆ ಕ್ಷೇಮ. ಆಗಲೇ ಅಣ್ಣನ ಫೋನು, ಏನಾಯ್ತು, ಆಯ್ತು, ನಾನು ಹೇಳಿದ ಹಾಗೆ ಮುಟ್ಟಿ ನೋಡಿದೆಯಾ, ಹ್ಞೂಂ ಮುಟ್ಟಿ ನೋಡಿದೆ, ಇಟ್ಟೆ. ತಾರೀಖನ್ನು ಹಿಂದಕ್ಕೆ ಹಾಕಿದೆ, ಆರು, ಐದು, ನಾಲ್ಕು, ಮೂರು, ಮಾರ್ಚ್ ಒಂದು, ಹೋಗಲಿ ಇನ್ನೊಂದು ಸಲ ರಾಯದುರ್ಗಕ್ಕೆ ಹೋಗಿ ಬರುತ್ತೇನೆ, ಇವಳ ಗಂಡನ ಸಲುವಾಗಿ. ಬಾ ಕೆಂಚಕ್ಕ, ಇಲ್ಲಿ ಕೂತ್ಕೋ, ನನ್ನ ಕುರ್ಚಿ ಕೊಟ್ಟೆ, ಪಾಲಾಕ್ಷನೂ ಬಂದು ಹಿಂದೆ ನಿಂತ, ಕೆಳಗೆ ಮಡಚಿಟ್ಟ ಕಿಟಕಿಯನ್ನು ಒತ್ತಿ ಬಿಡಿಸಿದೆ. ಅಂಗೈ. ಸ್ಕ್ರೀನಿನ ತುಂಬ ಅಂಗೈ, ಜಡ್ಡು, ಗೆರೆಯ ಕಪ್ಪು, ಹೆಬ್ಬೆರಳಿನ ಬುಡದ ಬಿಳಿ ಕಲೆ, ಬೆಳಿಗ್ಗೆ ಬಿಟ್ಟಲ್ಲೇ ಇದೆ, ಓಡಿಸು ಎಂದು ಒತ್ತಲು ಬೆರಳು ಇಡುವುದರೊಳಗೆ ಅಂಗೈಯ ನಡುಮಧ್ಯದಲ್ಲಿ ಬೂದು ಬಣ್ಣದ ಒಂದು ಚೌಕ. ನಿಮ್ಮ ಅವಧಿ ಮುಗಿದಿದೆ. ಒಳಗೆ ಕೂತೇ ಅದು ಗಡಿಯಾರ ನೋಡುತ್ತಿತ್ತು, ಟಿಕೆಟ್ಟಿನವನು ಬಾಗಿಲಲ್ಲಿ ಅಲ್ಲ, ನನ್ನ ಪಕ್ಕದ ಸೀಟಿನಲ್ಲೇ ಇದ್ದ. ಓಕೆ ಒತ್ತಿದೆ, ಹೋಗಲಿಲ್ಲ, ಮತ್ತೆ ಒತ್ತಿದೆ, ಹೋಗಿ ಮತ್ತೆ ಬಂತು, ಪಾಲಾಕ್ಷ ಹಿಂದಿನಿಂದ ನಾ ಹೇಳಿದ್ನಲ್ರೀ ಎಂದ, ಅಷ್ಟು ಮೆಲ್ಲಗೆ ಅಂದದ್ದಕ್ಕೆ ಅವನನ್ನು ಹೊಡೆಯಬೇಕೆನ್ನಿಸಿತು. ಮುಖ ಅಲ್ಲೇ ಇದೆ, ಕಳೆದಿಲ್ಲ, ನಾಲ್ಕು ಹಸಿರು ಡಿಸ್ಕಿನ ಮೇಲೆ ಹಂಚಿಕೊಂಡು ಕೂತಿದೆ, ಈ ಅಂಗೈ ಇಳಿದರೆ ಹಿಂದೆಯೇ ಇದೆ, ನಗುತ್ತಿದೆ, ಒಂದು ಕೂದಲೆಳೆಯಷ್ಟು ಹಿಂದೆ. ಒತ್ತಿದೆ. ಅಂಗೈ. ಕೆಂಚಕ್ಕನಿಗೆ ಆ ಚೌಕವನ್ನು ಓದಲು ಬರುವುದಿಲ್ಲ, ಅವಳು ಅದನ್ನು ನೋಡಲೇ ಇಲ್ಲ, ಕುರ್ಚಿಯಿಂದ ಮುಂದಕ್ಕೆ ಬಾಗಿ ಬೆರಳಿನಿಂದ ಗಾಜಿನ ಮೇಲೆ ಬಿಳಿ ಕಲೆಯನ್ನು ಮುಟ್ಟಿ, ದಿವ್ಯನ ಅಪ್ಪಂದೇ ಎಂದಳು, ಕೊಕ್ಕೆ ಬಡ್ದಿದ್ದು ಇದು, ನಾನೇ ಅರಿಸಿನ ಹಚ್ಚಿದ್ದೆ. ಆಮೇಲೆ ನನ್ನ ಕಡೆ ತಿರುಗಿದಳು, ಬೆಳಗಿನಿಂದ ಮೊದಲ ಸಲ ಮೆತ್ತಗೆ, ಸೊಲ್ಪ ಆ ಕೈ ಆಚೆಗೆ ಸರ್ಸವ್ವ, ಮಕ ಕಾಣ್ಲಿ. ಒತ್ತಿದೆ. ಅಂಗೈ. ಸರ್ಸವ್ವ. ಒತ್ತಿದೆ, ಅಂಗೈ, ಗೆರೆಯ ಕಪ್ಪು, ಬಿಳಿ ಕಲೆ, ಅಂಗೈ—